ಸೊನ್ನೆ ಅಂದ್ರೆ ಖಾಲಿ ಅಲ್ಲ: ಹಳೇ ಲ್ಯಾಪ್‌ಟಾಪ್ ಮಾರೋ ಮೊದಲು ಕೇಳಬೇಕಾದ ಮಾತು

ಇವತ್ತಿನ ಸಂಚಿಕೆ ಸ್ವಲ್ಪ ಬೇರೆ ಥರ. ಇದರಲ್ಲಿ ವಿಜ್ಞಾನದ ವಿವರಣೆಯ ಜೊತೆಗೆ ನನ್ನದೊಂದು ವಾದವೂ ಇದೆ. ನೀವು ಒಪ್ಪಲೇಬೇಕು ಅಂತಿಲ್ಲ, ಆದರೆ ಕೊನೆಯವರೆಗೂ ಕೇಳಿ.

ಗಲ್ಫ್‌ನಲ್ಲಿರುವ ಕೇಳುಗರಿಗೆ ಜೂನ್ ತಿಂಗಳು ಅಂದ್ರೆ ಏನು ಅಂತ ಗೊತ್ತು. ಶಾಲೆಗೆ ರಜೆ ಬರುತ್ತೆ, ಟಿಕೆಟ್ ದರ ಏರುತ್ತೆ, ಎಷ್ಟೋ ಸಂಸಾರಗಳು ಇಲ್ಲಿನ ಬದುಕು ಮುಗಿಸಿ ಊರಿಗೆ ಹೊರಡುತ್ತವೆ. ಹೊರಡುವ ಮುಂಚೆ ಸೋಫಾ, ಫ್ರಿಜ್ ಜೊತೆಗೆ ಹಳೇ ಲ್ಯಾಪ್‌ಟಾಪ್, ಫೋನು, ಮಕ್ಕಳ ಟ್ಯಾಬ್ಲೆಟ್ ಕೂಡ ಮಾರಾಟಕ್ಕೆ ಬರುತ್ತವೆ. ಕೆಲವರು ಡುಬಿಜಲ್‌ನಲ್ಲಿ ಹಾಕ್ತಾರೆ. ಕೆಲವರು ಬರ್ ದುಬೈನ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ, ಇಲ್ಲಾಂದ್ರೆ ದೇರಾದ ಮೊಬೈಲ್ ಅಂಗಡಿಗಳಿಗೆ ಒಯ್ದು ಕೊಡ್ತಾರೆ. ಅಬುಧಾಬಿಯವರಿಗೆ ಹಮ್ದಾನ್ ಸ್ಟ್ರೀಟ್ ಇದೆ. ಕೊಡುವ ಮೊದಲು ಎಲ್ಲರೂ ಮಾಡುವ ಕೆಲಸ ಒಂದೇ: ಫೈಲುಗಳನ್ನು ಡಿಲೀಟ್ ಮಾಡಿ, ರೀಸೈಕಲ್ ಬಿನ್ ಖಾಲಿ ಮಾಡಿ, ಇನ್ನೂ ಸ್ವಲ್ಪ ಹುಷಾರಿನವರಾದರೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ತೆರೆದು ನೋಡೋದು. ಏನೂ ಕಾಣೋದಿಲ್ಲ. ಸಮಾಧಾನ.

ಆ ಲ್ಯಾಪ್‌ಟಾಪಿನಲ್ಲಿ ಏನಿತ್ತು ಅಂತ ಒಮ್ಮೆ ಯೋಚಿಸಿ. ಮನೆಯವರೆಲ್ಲರ ಪಾಸ್‌ಪೋರ್ಟ್ ಪ್ರತಿ, ಎಮಿರೇಟ್ಸ್ ಐಡಿಯ ಎರಡೂ ಬದಿ, ವೀಸಾ ಪುಟ, ಸಂಬಳದ ಪತ್ರ, ಬಾಡಿಗೆ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟು. ಇಲ್ಲಿ ಒಂದು ಸಿಮ್ ತಗೊಳ್ಳೋಕೂ ಗುರುತಿನ ದಾಖಲೆ ಬೇಕು. ಹಾಗಾಗಿ ಹತ್ತು ವರ್ಷ ಇಲ್ಲಿದ್ದವರ ಕಂಪ್ಯೂಟರಿನಲ್ಲಿ ಅವರ ಇಡೀ ಗುರುತು ಒಂದೇ ಫೋಲ್ಡರಿನಲ್ಲಿ ಕೂತಿರುತ್ತೆ.

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೀನಿ. ಖಾಲಿ ಜಾಗ ಓದಿದಾಗ ಕಂಪ್ಯೂಟರು ತೋರಿಸುವ ಸೊನ್ನೆ ಅನ್ನೋದು ಒಂದು ಉತ್ತರ. ಅದು ಡಿಸ್ಕಿನ ನಿಜಸ್ಥಿತಿಯ ವರದಿ ಆಗಿರಲೇಬೇಕು ಅಂತಿಲ್ಲ. ಈ ವ್ಯತ್ಯಾಸ ಆಪರೇಟಿಂಗ್ ಸಿಸ್ಟಂ ಬರೆದವರಿಗೆ ಚೆನ್ನಾಗಿ ಗೊತ್ತು, ಅವರು ತಮ್ಮ ತಾಂತ್ರಿಕ ದಾಖಲೆಗಳಲ್ಲಿ ಅದನ್ನು ಬರೆದೂ ಇಟ್ಟಿದ್ದಾರೆ. ಆದರೆ ಬರೆದ ಜಾಗ ಪ್ರೋಗ್ರಾಮರುಗಳು ಓದುವ ಪುಟ. ಆ ಮಾತು ಬರಬೇಕಾದ್ದು ಡಿಲೀಟ್ ಗುಂಡಿಯ ಪಕ್ಕದಲ್ಲಿ, ನಮಗೆ ಅರ್ಥವಾಗುವ ಭಾಷೆಯಲ್ಲಿ.

ಈಗ ವಿಷಯಕ್ಕೆ ಬರೋಣ. ಫೈಲ್ ಸಿಸ್ಟಂ ಜಾಗ ಹಂಚೋದು ಹೇಗೆ?

ಕರಾಮಾದಲ್ಲೋ ಸತ್ವಾದಲ್ಲೋ ಬೆಡ್‌ಸ್ಪೇಸ್‌ನಲ್ಲಿ ಇದ್ದವರಿಗೆ ಇದು ಸುಲಭ. ಒಂದು ಫ್ಲ್ಯಾಟು, ಅದರಲ್ಲಿ ಹತ್ತು ಹಾಸಿಗೆ, ಹತ್ತು ಕಪಾಟು. ಯಾರಿಗೆ ಯಾವ ಕಪಾಟು ಅನ್ನೋದು ನೋಡಿಕೊಳ್ಳುವವರ ಪುಸ್ತಕದಲ್ಲಿದೆ. ಒಬ್ಬರು ಖಾಲಿ ಮಾಡಿ ಹೋದ್ರು ಅಂದ್ಕೊಳ್ಳಿ. ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಒಂದು ಗೆರೆ ಬೀಳುತ್ತೆ. ಅವರು ಕಪಾಟಿನಲ್ಲಿ ಬಿಟ್ಟು ಹೋದ ಕಾಗದಪತ್ರ ಮಾತ್ರ ಅಲ್ಲೇ ಇರುತ್ತೆ. ಪುಸ್ತಕದ ಪ್ರಕಾರ ಕಪಾಟು ಖಾಲಿ, ಬಾಗಿಲು ತೆಗೆದು ನೋಡಿದರೆ ಖಾಲಿ ಅಲ್ಲ. ಡಿಲೀಟ್ ಅಂದ್ರೆ ಹೆಚ್ಚುಕಡಿಮೆ ಇಷ್ಟೇ: ಪುಸ್ತಕದಲ್ಲಿ ಒಂದು ಗೆರೆ.

ಡಿಸ್ಕಿನಲ್ಲಿ ಆ ಕಪಾಟುಗಳಿಗೆ ಬ್ಲಾಕ್ ಅಥವಾ ಕ್ಲಸ್ಟರ್ ಅಂತ ಹೆಸರು. ಇವತ್ತಿನ ಬಹುಪಾಲು ಸಿಸ್ಟಂಗಳಲ್ಲಿ ಒಂದೊಂದು 4 ಕಿಲೋಬೈಟ್. ಹೊಸ ಫೈಲು ಬಂದಾಗ ಫೈಲ್ ಸಿಸ್ಟಂ ತನ್ನ ಪುಸ್ತಕ ನೋಡಿ ಖಾಲಿ ಅಂತ ಬರೆದಿರುವ ಬ್ಲಾಕುಗಳನ್ನು ಅದಕ್ಕೆ ಕೊಡುತ್ತೆ. ಪ್ರಶ್ನೆ ಹುಟ್ಟೋದು ಇಲ್ಲೇ. ಹೊಸಬರಿಗೆ ಕೀ ಕೊಡುವ ಮೊದಲು ಕಪಾಟನ್ನು ಒರೆಸಬೇಕೋ ಬೇಡವೋ?

ಒರೆಸದೆ ಕೊಟ್ಟರೆ ಏನಾಗುತ್ತೆ? ಒಂದು ಪ್ರೋಗ್ರಾಂ 1 ಗಿಗಾಬೈಟಿನ ಫೈಲು ಬೇಕು ಅಂತ ಕೇಳುತ್ತೆ, ಅದರಲ್ಲಿ ಏನೂ ಬರೆಯೋದಿಲ್ಲ, ಸುಮ್ಮನೆ ತೆರೆದು ಓದುತ್ತೆ. ಒಂದೇ ಕಂಪ್ಯೂಟರನ್ನು ಹತ್ತು ಜನ ಬಳಸುವ ಕಡೆ, ಬೇರೊಬ್ಬರು ನಿನ್ನೆ ಅಳಿಸಿದ ಪತ್ರ ಅದರಲ್ಲಿ ಸಿಗಬಹುದು. ಬೀಗ ಒಡೆಯೋದೇ ಬೇಡ, ಕಪಾಟು ಬಾಡಿಗೆಗೆ ತಗೊಂಡರೆ ಸಾಕು. ಇದು ಊಹೆಯ ಅಪಾಯ ಅಲ್ಲ. ಅಮೆರಿಕದ ರಕ್ಷಣಾ ಇಲಾಖೆ 1985ರಲ್ಲಿ ಹೊರತಂದ ಕಂಪ್ಯೂಟರ್ ಭದ್ರತಾ ಮಾನದಂಡದಲ್ಲಿ, ಕಿತ್ತಳೆ ಬಣ್ಣದ ರಕ್ಷಾಪುಟದಿಂದಾಗಿ ಅದನ್ನು ಆರೆಂಜ್ ಬುಕ್ ಅಂತಾರೆ, ಇದಕ್ಕೇ ಒಂದು ನಿಯಮ ಇದೆ. ಒಬ್ಬರು ಬಳಸಿದ ಜಾಗ ಇನ್ನೊಬ್ಬರ ಕೈಗೆ ಹೋಗುವಾಗ ಹಳೆಯ ಮಾಹಿತಿ ಅವರಿಗೆ ಸಿಗಬಾರದು ಅಂತ.

ಆ ನಿಯಮದ ಮಾತನ್ನು ಗಮನಿಸಿ. ಹಳೆಯ ಮಾಹಿತಿ ನಾಶವಾಗಬೇಕು ಅಂತ ಅದು ಹೇಳೋದಿಲ್ಲ. ಮುಂದಿನವರಿಗೆ ಸಿಗಬಾರದು ಅನ್ನುತ್ತೆ, ಅಷ್ಟೇ. ಈ ಎರಡರ ನಡುವಿನ ಸಂದಿಯಲ್ಲೇ ಇವತ್ತಿನ ನಮ್ಮ ಕಥೆ ಇರೋದು.

ಒರೆಸೋದು ದುಬಾರಿ ಕೆಲಸ. ಎಷ್ಟು ದುಬಾರಿ ಅಂತ ಇಲ್ಲಿನದೇ ಒಂದು ಲೆಕ್ಕ ಹಾಕೋಣ. ದುಬೈನಲ್ಲಿ ಸಿಸಿಟಿವಿ ಹಾಕಿಸುವ ಸಂಸ್ಥೆಗಳು ಸಿರಾ ಅನ್ನೋ ಭದ್ರತಾ ನಿಯಂತ್ರಣ ಸಂಸ್ಥೆಯ ನಿಯಮ ಪಾಲಿಸಬೇಕು, ಅದರ ಪ್ರಕಾರ ಕನಿಷ್ಠ 31 ದಿನದ ರೆಕಾರ್ಡಿಂಗ್ ಉಳಿದಿರಬೇಕು. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಬರೆಯುತ್ತೆ ಅಂದ್ಕೊಳ್ಳಿ. ದಿನಕ್ಕೆ ಸುಮಾರು 43 ಗಿಗಾಬೈಟ್ ಆಯ್ತು. 31 ದಿನಕ್ಕೆ 1.3 ಟೆರಾಬೈಟಿಗೂ ಸ್ವಲ್ಪ ಹೆಚ್ಚು. 16 ಕ್ಯಾಮೆರಾ ಇರುವ ಒಂದು ಸೂಪರ್‌ಮಾರ್ಕೆಟಿಗೆ 21 ಟೆರಾಬೈಟ್ ದಾಟುತ್ತೆ. ಇಷ್ಟು ಜಾಗವನ್ನು ಮೊದಲೇ ಕಾದಿರಿಸಿಕೊಳ್ಳಬೇಕು, ಇಲ್ಲದಿದ್ದರೆ 28ನೇ ದಿನ ಡಿಸ್ಕ್ ತುಂಬಿ ರೆಕಾರ್ಡಿಂಗ್ ನಿಂತುಹೋಗಬಹುದು. ಹಾಗೆ ಕಾದಿರಿಸುವಾಗ ನಿಜವಾಗಿ ಸೊನ್ನೆ ಬರೆಯುತ್ತಾ ಹೋದರೆ, ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಒಂದಾದ ಮೇಲೆ ಒಂದು ಬರೆದು ಮುಗಿಸೋಕೆ ಸುಮಾರು 40 ಗಂಟೆ. ಎರಡು ದಿನ ಅಂಗಡಿ ಕ್ಯಾಮೆರಾ ಇಲ್ಲದೆ ಕೂರೋಕೆ ಆಗುತ್ತಾ?

ಅದಕ್ಕೆ ಎಂಜಿನಿಯರುಗಳು ಒಂದು ಜಾಣ ಉಪಾಯ ಕಂಡುಕೊಂಡರು. ಒರೆಸೋದನ್ನು ಮುಂದೂಡಿ, ಒರೆಸಿದ ಹಾಗೆ ಉತ್ತರ ಕೊಡೋದು. ಲಿನಕ್ಸ್‌ನ ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಂಗಳಲ್ಲಿ ಜಾಗ ಕಾದಿರಿಸಿದಾಗ, ಆ ಬ್ಲಾಕುಗಳ ಮೇಲೆ 'ಇನ್ನೂ ಬರೆದಿಲ್ಲ' ಅನ್ನೋ ಗುರುತು ಹಾಕಿ ಬಿಡ್ತಾರೆ. ಯಾರಾದರೂ ಓದೋಕೆ ಬಂದರೆ ಡಿಸ್ಕಿನ ಹತ್ತಿರ ಹೋಗೋದೇ ಇಲ್ಲ, ಸೀದಾ ಸೊನ್ನೆ ಅಂತ ಉತ್ತರ. ನಿಜವಾಗಿ ಏನಾದರೂ ಬರೆದಾಗ ಆ ಭಾಗದ ಗುರುತು ಮಾತ್ರ ತೆಗೀತಾರೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಪ್ರತಿ ಫೈಲಿಗೂ ಎರಡು ಅಳತೆ ಇಟ್ಟುಕೊಳ್ಳುತ್ತೆ. ಫೈಲು ಎಷ್ಟು ಉದ್ದ ಅನ್ನೋದು ಒಂದು, ಎಲ್ಲಿಯವರೆಗೆ ನಿಜವಾಗಿ ಬರೆದಿದೆ ಅನ್ನೋದು ಇನ್ನೊಂದು. ಎರಡನೇ ಗೆರೆಯ ಆಚೆ ಓದಿದರೆ ಸೊನ್ನೆ ಸಿಗುತ್ತೆ. ಗೆರೆಯ ಆಚೆ ಬಹಳ ದೂರದಲ್ಲಿ ಒಂದೇ ಒಂದು ಬೈಟು ಬರೆದರೆ, ಮಧ್ಯದ ಜಾಗಕ್ಕೆಲ್ಲ ನಿಜವಾದ ಸೊನ್ನೆ ತುಂಬುವ ಕೆಲಸ ಆಗ ಶುರು. ಒಂದು ಬೈಟ್ ಬರೆಯೋಕೆ ಕೆಲವೊಮ್ಮೆ ನಿಮಿಷಗಟ್ಟಲೆ ಹಿಡಿಯೋದು ಇದಕ್ಕೇ.

ಕಪಾಟಿನ ಮಾತಿನಲ್ಲಿ ಹೇಳೋದಾದ್ರೆ, ಕಪಾಟಿಗೆ ಒಂದು ಪರದೆ ಹಾಕಿದ್ದಾರೆ. ಕೇಳಿದರೆ ಒಳಗೇನೂ ಇಲ್ಲ ಅಂತಾರೆ. ಪರದೆಯ ಹಿಂದೆ ಹಿಂದಿನವರ ಕಾಗದ ಹಾಗೇ ಇರಬಹುದು. ಸಿಸ್ಟಂ ಒಳಗೆ ಕೂತವರಿಗೆ ಪರದೆ ಸಾಕು. ಡಿಸ್ಕನ್ನೇ ಬಿಚ್ಚಿ ಕೈಗೆ ತಗೊಂಡವರಿಗೆ ಪರದೆಯೇ ಇಲ್ಲ.

ಈ ಮುಂದೂಡುವ ಉಪಾಯ ತಪ್ಪು ಅಂತ ನಾನು ಹೇಳ್ತಿಲ್ಲ. ಅದು ಒಳ್ಳೆಯ ಎಂಜಿನಿಯರಿಂಗ್. ಆದರೆ ಈ ಥರದ ಉಪಾಯ ನಂಬಿಕೆಗೆ ಅರ್ಹ ಆಗೋದು, ಯಾರಿಗೆ ಏನು ಮಾತು ಕೊಟ್ಟಿದ್ದೇವೆ ಅಂತ ಸ್ಪಷ್ಟವಾಗಿ ಬರೆದಿಟ್ಟಾಗ. ಹಾಗಾದ್ರೆ ದಾಖಲೆಗಳಲ್ಲಿ ಏನಿದೆ?

ಯುನಿಕ್ಸ್ ವಂಶದ ಸಿಸ್ಟಂಗಳಿಗೆ ಪೋಸಿಕ್ಸ್ ಅನ್ನೋ ಮಾನದಂಡ ಇದೆ. ಫೈಲನ್ನು ಉದ್ದ ಮಾಡಿದರೆ ಹೆಚ್ಚಾದ ಭಾಗ ಸೊನ್ನೆ ತುಂಬಿದಂತೆ ಕಾಣಬೇಕು ಅಂತ ಅದು ನೇರವಾಗಿ ಹೇಳುತ್ತೆ. 'ಕಾಣಬೇಕು' ಅನ್ನೋ ಪದದಲ್ಲೇ ಪ್ರಾಮಾಣಿಕತೆ ಇದೆ. ಲಿನಕ್ಸ್‌ಗೆ 2007ರಲ್ಲಿ ಬಂದ ಫಾಲೊಕೇಟ್ ಅನ್ನೋ ಸೌಲಭ್ಯದ ಕೈಪಿಡಿಯಲ್ಲೂ ಇದೇ ಭರವಸೆ.

ವಿಂಡೋಸ್ ಕಡೆ ನೋಡಿದರೆ, ಫೈಲಿನ ಕೊನೆಯನ್ನು ಮುಂದಕ್ಕೆ ಸರಿಸುವ ಫಂಕ್ಷನ್ ಬಗ್ಗೆ ಮೈಕ್ರೋಸಾಫ್ಟ್ ದಾಖಲೆಯಲ್ಲಿ, ಹಳೇ ಕೊನೆಗೂ ಹೊಸ ಕೊನೆಗೂ ನಡುವೆ ಏನಿರುತ್ತೆ ಅನ್ನೋದು ನಿಗದಿಯಾಗಿಲ್ಲ ಅಂತ ಇದೆ. ಎನ್‌ಟಿಎಫ್‌ಎಸ್‌ನಲ್ಲಿ ನಿಜವಾಗಿ ಸಿಗೋದು ಸೊನ್ನೆ. ವಿಂಡೋಸ್ 95ರ ಕಾಲದ ಫ್ಯಾಟ್ ಡಿಸ್ಕುಗಳಲ್ಲಿ ಹಳೇ ಕಸ ಕಾಣಬಹುದಿತ್ತು. ಒಂದೇ ಫಂಕ್ಷನ್ ಎಲ್ಲ ಕಡೆ ಓಡಬೇಕು, ಹಾಗಾಗಿ ದಾಖಲೆ ಅತಿ ಕಡಿಮೆ ಭರವಸೆಯನ್ನೇ ಕೊಡುತ್ತೆ. ಅದನ್ನು ನಾನು ದೂರೋದಿಲ್ಲ. ಆದರೆ ಓದುವ ಪ್ರೋಗ್ರಾಮರಿಗೆ ಯಾವ ಡಿಸ್ಕಿನಲ್ಲಿ ಏನಾಗುತ್ತೆ ಅನ್ನೋದು ಆ ಪುಟದಲ್ಲಿ ತಿಳಿಯೋದಿಲ್ಲ.

ಅದೇ ಮೈಕ್ರೋಸಾಫ್ಟ್ ಇನ್ನೊಂದು ಕಡೆ ಬಹಳ ಚೆನ್ನಾಗಿ ಬರೆದಿದೆ. ಡೇಟಾಬೇಸ್‌ಗೆ ದೊಡ್ಡ ಫೈಲು ಬೇಗ ಬೇಕಾದಾಗ ಸೊನ್ನೆ ತುಂಬದೆಯೇ ಜಾಗ ಕೊಡುವ ವ್ಯವಸ್ಥೆ ಎಸ್‌ಕ್ಯೂಎಲ್ ಸರ್ವರ್ 2005ರಿಂದ ಇದೆ. ಹೀಗೆ ಮಾಡಿದರೆ ಅಳಿಸಿದ ಹಳೇ ಮಾಹಿತಿ ಅಧಿಕಾರವಿಲ್ಲದವರಿಗೆ ಸಿಗುವ ಅಪಾಯ ಇದೆ ಅಂತ ದಾಖಲೆ ಎಚ್ಚರಿಸುತ್ತೆ, ಅದಕ್ಕೆ ವಿಶೇಷ ಅನುಮತಿಯೂ ಬೇಕು. ಲಾಭ ಇದು, ಬೆಲೆ ಇದು, ನಿರ್ಧಾರ ನಿಮ್ಮದು. ದಾಖಲೆ ಅಂದ್ರೆ ಹೀಗಿರಬೇಕು.

ಲಿನಕ್ಸ್‌ನಲ್ಲೂ 2012ರಲ್ಲಿ ಇದೇ ಜಗಳ ಎದ್ದಿತ್ತು. ವೇಗಕ್ಕಾಗಿ ಹಳೇ ಮಾಹಿತಿಯನ್ನು ಮುಚ್ಚದೆಯೇ ಜಾಗ ಕೊಡುವ ಒಂದು ಆಯ್ಕೆ ಬೇಕು ಅಂತ ಕೆಲವರು ಕೇಳಿದರು. ತಮ್ಮದೇ ಸರ್ವರುಗಳಲ್ಲಿ ತಮ್ಮದೇ ಪ್ರೋಗ್ರಾಂ ಮಾತ್ರ ಓಡುವಾಗ ಯಾರಿಂದ ಯಾರಿಗೆ ಮುಚ್ಚೋದು ಅನ್ನೋದು ಅವರ ವಾದ. ಒಮ್ಮೆ ಬಾಗಿಲು ತೆರೆದರೆ ಎಲ್ಲರೂ ಅದೇ ದಾರಿ ಹಿಡೀತಾರೆ ಅನ್ನೋದು ಎದುರು ವಾದ. ಕೊನೆಗೆ ಆ ಆಯ್ಕೆ ಮುಖ್ಯ ಲಿನಕ್ಸ್‌ಗೆ ಸೇರಲಿಲ್ಲ. ಅದಕ್ಕೊಂದು ಸಂಖ್ಯೆಯನ್ನು ಮಾತ್ರ ಕಾದಿರಿಸಿ ಬಿಟ್ಟರು. ಆ ಆಯ್ಕೆಯ ಹೆಸರಿನ ಅರ್ಥವೇ 'ಹಳಸಿದ್ದನ್ನು ಮುಚ್ಚಿಡಬೇಡ' ಅಂತ. ಸಾಮಾನ್ಯವಾಗಿ ನಡೆಯುತ್ತಿರೋದು ಮುಚ್ಚಿಡೋದು, ಒರೆಸೋದಲ್ಲ, ಅಂತ ಆ ಹೆಸರೇ ಒಪ್ಪಿಕೊಳ್ಳುತ್ತೆ.

ಇನ್ನು ಸಾಮಾನ್ಯ ಬಳಕೆದಾರರ ಗುಂಡಿಗೆ ಬನ್ನಿ. ವಿಂಡೋಸ್ ಎಕ್ಸ್‌ಪಿಯಲ್ಲಿ ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಆ ಹೊತ್ತೆಲ್ಲ ಅದು ಮಾಡುತ್ತಿದ್ದದ್ದು ಡಿಸ್ಕಿನಲ್ಲಿ ಕೆಟ್ಟ ಜಾಗ ಇದೆಯಾ ಅಂತ ಓದಿ ನೋಡೋದು. ಹಳೇ ಫೈಲುಗಳ ಬೈಟುಗಳು ಹಾಗೇ ಉಳಿಯುತ್ತಿದ್ದವು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಿಂದ ಅದೇ ಪೂರ್ತಿ ಫಾರ್ಮ್ಯಾಟ್ ಇಡೀ ಡಿಸ್ಕಿಗೆ ಸೊನ್ನೆ ಬರೆಯೋಕೆ ಶುರುವಾಯ್ತು. ಗುಂಡಿ ಅದೇ, ಹೆಸರು ಅದೇ, ಕೆಲಸ ಮಾತ್ರ ಬೇರೆ. ಈ ಬದಲಾವಣೆ ಮೈಕ್ರೋಸಾಫ್ಟಿನ ಸಹಾಯ ಲೇಖನದಲ್ಲಿ ದಾಖಲಾಗಿದೆ. ಫಾರ್ಮ್ಯಾಟ್ ಕಿಟಕಿಯಲ್ಲಿ ಅದರ ಸುಳಿವೂ ಇಲ್ಲ. 'ಕ್ವಿಕ್ ಫಾರ್ಮ್ಯಾಟ್' ಅನ್ನೋ ಚೌಕದಲ್ಲಿ ಟಿಕ್ ಇದ್ದರೆ ಇವತ್ತಿಗೂ ಆಗೋದು ಹೊಸ ಪುಸ್ತಕ ತೆರೆಯೋ ಕೆಲಸ ಮಾತ್ರ. ಕಪಾಟುಗಳು ಹಾಗೇ.

ಇಲ್ಲಿ ಒಬ್ಬರು ಕೇಳಬಹುದು: "ಅಲ್ರೀ, ಇದೆಲ್ಲ ಎಂಜಿನಿಯರುಗಳ ತಲೆನೋವು. ಹಳೇ ಲ್ಯಾಪ್‌ಟಾಪ್ ತಗೊಂಡವರು ಅಷ್ಟೆಲ್ಲ ಕಷ್ಟಪಟ್ಟು ನನ್ನ ಫೋಟೋ ಹುಡುಕ್ತಾರಾ?" ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಒಂದು ಅಧ್ಯಯನ ಇದೆ. ಅಮೆರಿಕದ ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ 158 ಹಳೇ ಹಾರ್ಡ್‌ಡಿಸ್ಕುಗಳನ್ನು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕೊಂಡು ಪರೀಕ್ಷಿಸಿದರು, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದದ್ದು 129. ಅವುಗಳಲ್ಲಿ ಸರಿಯಾಗಿ ಒರೆಸಿದ್ದದ್ದು ಬರೀ 12. ಉಳಿದವುಗಳಲ್ಲಿ 5000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈದ್ಯಕೀಯ ಮಾಹಿತಿ, ಖಾಸಗಿ ಪತ್ರ ಸಿಕ್ಕವು. ಆ ಡಿಸ್ಕುಗಳ ಮಾಲೀಕರಲ್ಲಿ ಬಹಳ ಜನ ಫಾರ್ಮ್ಯಾಟ್ ಮಾಡಿದ್ದರು. ಅವರು ಸೋಮಾರಿಗಳಲ್ಲ. ಪರದೆ ಹೇಳಿದ್ದನ್ನು ನಂಬಿದವರು.

ಹುಡುಕೋಕೆ ಕಷ್ಟವೂ ಪಡಬೇಕಾಗಿಲ್ಲ. ಅಳಿಸಿದ ಫೈಲು ಮರಳಿ ತರುವ ತಂತ್ರಾಂಶ ಉಚಿತವಾಗಿ ಸಿಗುತ್ತೆ. ಅದರ ಮುಖ್ಯ ಬಳಕೆ ಒಳ್ಳೆಯದೇ, ಮಗುವಿನ ಫೋಟೋ ಕಳೆದುಕೊಂಡವರಿಗೆ ಅದು ದೇವರಿದ್ದ ಹಾಗೆ. ಅದೇ ತಂತ್ರಾಂಶ ಇನ್ನೊಬ್ಬರ ಕೈಯಲ್ಲಿ ನಿಮ್ಮ ಪಾಸ್‌ಪೋರ್ಟ್ ಪ್ರತಿಯನ್ನೂ ತರುತ್ತೆ.

ಹಾಗಾದ್ರೆ ಎಸ್‌ಎಸ್‌ಡಿ ಇದ್ದರೆ? ಅಲ್ಲಿ ಕಥೆ ಇನ್ನೂ ವಿಚಿತ್ರ. ಫ್ಲ್ಯಾಶ್ ಮೆಮೊರಿಯಲ್ಲಿ ನಿಜವಾಗಿ ಒರೆಸಿದ ಕೋಶ ಓದಿದರೆ ಸಿಗೋದು ಸೊನ್ನೆ ಅಲ್ಲ, ಒಂದು! ಹೊರಗೆ ಕಾಣುವ ಸೊನ್ನೆಯನ್ನು ಎಸ್‌ಎಸ್‌ಡಿ ಒಳಗಿನ ಪುಟ್ಟ ಕಂಪ್ಯೂಟರು ಕೊಡುತ್ತೆ. ಅದೂ ಇನ್ನೊಂದು ಪರದೆ. ನೀವು ಒಂದು ಫೈಲಿನ ಮೇಲೆ ಸೊನ್ನೆ ಬರೆದರೆ ಅದು ಹಳೇ ಕೋಶಕ್ಕೆ ಹೋಗೋದೇ ಇಲ್ಲ, ಹೊಸ ಕೋಶದಲ್ಲಿ ಕೂರುತ್ತೆ, ಹಳೆಯದು ಮೂಲೆಯಲ್ಲಿ ಉಳಿಯುತ್ತೆ. ಆಪರೇಟಿಂಗ್ ಸಿಸ್ಟಂ ಟ್ರಿಮ್ ಅನ್ನೋ ಆದೇಶದ ಮೂಲಕ ಈ ಜಾಗ ಇನ್ನು ಬೇಡ ಅಂತ ಹೇಳುತ್ತೆ. ಒಳಗೆ ಯಾವಾಗ ಒರೆಸಬೇಕು ಅನ್ನೋದು ಎಸ್‌ಎಸ್‌ಡಿಯ ಇಷ್ಟ. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 2011ರಲ್ಲಿ ಇದನ್ನು ಪರೀಕ್ಷಿಸಿ, ಹಾರ್ಡ್‌ಡಿಸ್ಕಿಗಾಗಿ ಮಾಡಿದ ಒಂದೊಂದೇ ಫೈಲು ಒರೆಸುವ ವಿಧಾನಗಳಲ್ಲಿ ಯಾವುದೂ ಎಸ್‌ಎಸ್‌ಡಿಯಲ್ಲಿ ಫಲಕಾರಿಯಲ್ಲ ಅಂತ ತೋರಿಸಿತು.

ಒಂದು ಒಳ್ಳೆಯ ಸುದ್ದಿಯೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತೆ. ಎನ್‌ಕ್ರಿಪ್ಶನ್, ಅಂದ್ರೆ ಗೂಢಲಿಪೀಕರಣ. ಕಪಾಟಿನಲ್ಲಿಡುವ ಎಲ್ಲ ಕಾಗದವನ್ನೂ ಮೊದಲೇ ಗುಪ್ತಲಿಪಿಯಲ್ಲಿ ಬರೆದಿಟ್ಟರೆ, ಒರೆಸಬೇಕಾದ್ದು ಕಪಾಟಲ್ಲ, ಆ ಲಿಪಿಯ ಕೀಲಿ ಮಾತ್ರ. ಕೀಲಿ ಕೆಲವೇ ಬೈಟು, ಅಳಿಸೋದು ಕ್ಷಣದ ಕೆಲಸ. ಐಫೋನಿನಲ್ಲಿ 2009ರ 3ಜಿಎಸ್‌ನಿಂದ ಈ ವ್ಯವಸ್ಥೆ ಇದೆ. ಆಂಡ್ರಾಯ್ಡ್ 10ರೊಂದಿಗೆ ಹೊರಬಂದ ಎಲ್ಲ ಫೋನುಗಳಿಗೂ ಅದು ಕಡ್ಡಾಯವಾಯ್ತು. ಹಾಗಾಗಿ ಇತ್ತೀಚಿನ ಫೋನಿನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿದರೆ ನೀವು ಹೆಚ್ಚುಕಡಿಮೆ ಸುರಕ್ಷಿತ.

ಆದರೆ ಎಂಟು ಹತ್ತು ವರ್ಷ ಹಳೇ ಲ್ಯಾಪ್‌ಟಾಪು? ಫೋನಿನಿಂದ ತೆಗೆದ ಮೆಮೊರಿ ಕಾರ್ಡು? ಪೆನ್‌ಡ್ರೈವು? ಅಂಗಡಿ ಮುಚ್ಚುವಾಗ ಸಾಮಾನಿನ ಜೊತೆ ಮಾರಿದ ಸಿಸಿಟಿವಿ ರೆಕಾರ್ಡರು? ಕೊನೆಯದನ್ನು ಯೋಚಿಸಿ ನೋಡಿ. ಆ ಡಿಸ್ಕಿನಲ್ಲಿರೋದು ನಿಮ್ಮ ಮಾಹಿತಿ ಕೂಡ ಅಲ್ಲ. ಒಂದು ತಿಂಗಳು ಆ ಬಾಗಿಲಲ್ಲಿ ಓಡಾಡಿದ ನೂರಾರು ಜನರ ಮುಖ. ಫೋನಿನ ರೀಸೆಟ್ ಗುಂಡಿ ಮತ್ತು ಪೆನ್‌ಡ್ರೈವಿನ ಫಾರ್ಮ್ಯಾಟ್ ಗುಂಡಿ ನೋಡೋಕೆ ಒಂದೇ ಥರ. ಒಂದು ಕೀಲಿ ಸುಡುತ್ತೆ, ಇನ್ನೊಂದು ಗೆರೆ ಎಳೆಯುತ್ತೆ. ಬಳಸುವವರಿಗೆ ಹೇಗೆ ಗೊತ್ತಾಗಬೇಕು?

ಕಾನೂನು ಏನು ಹೇಳುತ್ತೆ ಅಂತ ಕೇಳ್ತೀರಾ? ಯುಎಇ 2021ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ 45ನೇ ಸಂಖ್ಯೆಯ ಫೆಡರಲ್ ಡಿಕ್ರೀ ಕಾನೂನು ತಂದಿತು. ತನ್ನ ಮಾಹಿತಿಯನ್ನು ಅಳಿಸಿ ಅಂತ ಕೇಳುವ ಹಕ್ಕು ಅದರಲ್ಲಿದೆ. ದುಬೈನ ಡಿಐಎಫ್‌ಸಿಗೂ ಅಬುಧಾಬಿಯ ಎಡಿಜಿಎಂಗೂ ಅವುಗಳದ್ದೇ ಪ್ರತ್ಯೇಕ ಮಾಹಿತಿ ರಕ್ಷಣಾ ನಿಯಮಗಳಿವೆ. ಒಳ್ಳೆಯದು. ಆದರೆ ಇವು ನಿಮ್ಮ ಮಾಹಿತಿ ಇಟ್ಟುಕೊಂಡಿರುವ ಸಂಸ್ಥೆಗಳ ಜವಾಬ್ದಾರಿಯ ಮಾತು. ನಿಮ್ಮ ಲ್ಯಾಪ್‌ಟಾಪನ್ನು ನೀವೇ ಮಾರುವಾಗ ಕಾವಲುಗಾರರು ನೀವೇ. ಸಂಸ್ಥೆಗಳ ವಿಷಯದಲ್ಲೂ ಪ್ರಶ್ನೆ ಉಳಿಯುತ್ತೆ. ಅಳಿಸಿದ್ದೇವೆ ಅಂತ ಒಂದು ಕಂಪನಿ ಹೇಳಿದರೆ, ಯಾವ ಅಳಿಸುವಿಕೆ? ಗೆರೆಯೋ, ಪರದೆಯೋ, ಒರೆಸಿದ್ದೋ?

ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2014ರ ತನ್ನ ಮಾರ್ಗಸೂಚಿಯಲ್ಲಿ ಇದಕ್ಕೆ ಮೂರು ಮಟ್ಟ ಹೇಳುತ್ತೆ. ಸಾಮಾನ್ಯ ತಂತ್ರಾಂಶದಿಂದ ಮರಳಿ ಸಿಗದಂತೆ ಮಾಡೋದು ಮೊದಲನೆಯದು. ಪ್ರಯೋಗಾಲಯದಲ್ಲೂ ಸಿಗದಂತೆ ಮಾಡೋದು ಎರಡನೆಯದು. ಸಾಧನವನ್ನೇ ಪುಡಿ ಮಾಡೋದು ಮೂರನೆಯದು. ಮೂರಕ್ಕೂ ಬೇರೆ ಬೇರೆ ಹೆಸರು ಕೊಟ್ಟಿದ್ದಾರೆ. ಹೆಸರು ಬೇರೆ ಇದ್ದಾಗಲೇ ಪ್ರಶ್ನೆ ಕೇಳೋಕೆ ಸಾಧ್ಯ.

ಇಲ್ಲಿಗೆ ಕನ್ನಡದ ಮಾತು ಬರುತ್ತೆ. ಫೋನನ್ನು ಕನ್ನಡಕ್ಕೆ ಬದಲಾಯಿಸಿ ನೋಡಿ. ಒಂದು ಫೋಟೋ ಡಿಲೀಟ್ ಮಾಡೋದಕ್ಕೂ 'ಅಳಿಸಿ', ಇಡೀ ಫೋನು ಎರೇಸ್ ಮಾಡೋದಕ್ಕೂ 'ಅಳಿಸಿ'. ಇಂಗ್ಲಿಷಿನಲ್ಲಾದರೂ ಎರಡು ಪದ ಇದ್ದವು, ಅನುವಾದದಲ್ಲಿ ಅದೂ ಹೋಯ್ತು. ನಮ್ಮ ಭಾಷೆಯಲ್ಲಿ ಪದಗಳಿಗೆ ಬರ ಇದೆಯಾ? ಹಲಗೆಯ ಮೇಲೆ ಬರೆದದ್ದನ್ನು ನಾವು ಒರೆಸುತ್ತೇವೆ. ಪಟ್ಟಿಯಿಂದ ಹೆಸರನ್ನು ತೆಗೆಯುತ್ತೇವೆ. ಪತ್ರವನ್ನು ಸುಡುತ್ತೇವೆ. ಈ ಮೂರು ಕ್ರಿಯೆಗಳ ವ್ಯತ್ಯಾಸ ಶಾಲೆಗೆ ಹೋಗದ ಅಜ್ಜಿಗೂ ಗೊತ್ತು. 'ಪಟ್ಟಿಯಿಂದ ತೆಗೆ', 'ಒರೆಸು', 'ಕೀಲಿ ಸುಡು' ಅಂತ ಮೂರು ಗುಂಡಿಗೆ ಮೂರು ಹೆಸರು ಕೊಟ್ಟರೆ, ಇಂಗ್ಲಿಷ್ ಪರದೆಗಿಂತ ಕನ್ನಡದ ಪರದೆಯೇ ಹೆಚ್ಚು ಸತ್ಯ ಹೇಳುತ್ತೆ. ತಂತ್ರಾಂಶ ಅನುವಾದದಲ್ಲಿ ತೊಡಗಿರುವ ಕನ್ನಡಿಗರಿಗೆ ಇದು ನನ್ನ ಮನವಿ. ಪದಕ್ಕೆ ಪದ ಹುಡುಕಬೇಡಿ. ಗುಂಡಿ ಒತ್ತಿದಾಗ ಡಿಸ್ಕಿನಲ್ಲಿ ಏನಾಗುತ್ತೆ ಅಂತ ಕೇಳಿ, ಅದಕ್ಕೆ ಹೆಸರಿಡಿ.

ಕಂಪನಿಗಳನ್ನು ಕೇಳೋದು ಇಷ್ಟೇ. ಅಳಿಸುವ ಪ್ರತಿ ಕಿಟಕಿಯಲ್ಲೂ ಒಂದು ಸಾಲು ಸೇರಿಸಿ: ಇದನ್ನು ಮರಳಿ ಪಡೆಯಬಹುದೇ, ಯಾರು ಪಡೆಯಬಹುದು? ಇದು ಅಸಾಧ್ಯದ ಬೇಡಿಕೆ ಅಲ್ಲ. ವಿಂಡೋಸ್‌ನಲ್ಲಿ ಪಿಸಿ ರೀಸೆಟ್ ಮಾಡುವಾಗ ಡ್ರೈವ್ ಸ್ವಚ್ಛ ಮಾಡುವ ಆಯ್ಕೆ ಇದೆ. ಅದು ಮನೆ ಬಳಕೆಯವರಿಗಾಗಿ ಮಾಡಿದ್ದು, ಸರ್ಕಾರಿ ಅಥವಾ ಉದ್ಯಮದ ಮಾನದಂಡಕ್ಕೆ ಸಾಲದು ಅಂತ ಮೈಕ್ರೋಸಾಫ್ಟ್ ತಾನೇ ಬರೆದಿದೆ. ಅಷ್ಟು ನೇರವಾದ ಮಾತು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡುವ ಕಿಟಕಿಗೆ ಯಾಕೆ ಬರಬಾರದು? ಉದ್ದ ಆಯ್ತು, ಜನ ಓದೋದಿಲ್ಲ ಅಂತಾರೆ. ಜನ ಓದದಿರೋದು ನಲವತ್ತು ಪುಟದ ಷರತ್ತುಗಳನ್ನು. ಒಂದು ಸಾಲನ್ನು ಓದ್ತಾರೆ.

ಅದು ಬರುವವರೆಗೆ ನಾವೇನು ಮಾಡೋಣ? ಬರೆದುಕೊಳ್ಳಿ.

ಫೋನಾದರೆ ಮೊದಲು ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಹೊರಬನ್ನಿ, ಆಮೇಲೆ ಸೆಟ್ಟಿಂಗ್ಸ್ ಒಳಗಿಂದ ಫ್ಯಾಕ್ಟರಿ ರೀಸೆಟ್ ಮಾಡಿ. ಮೆಮೊರಿ ಕಾರ್ಡನ್ನು ತೆಗೆದಿಟ್ಟುಕೊಳ್ಳಿ, ಫೋನಿನ ಜೊತೆ ಕೊಡಲೇಬೇಡಿ.

ಹಾರ್ಡ್‌ಡಿಸ್ಕ್ ಇರುವ ಹಳೇ ಲ್ಯಾಪ್‌ಟಾಪಾದರೆ, ಡ್ರೈವ್ ಸ್ವಚ್ಛ ಮಾಡುವ ಆಯ್ಕೆಯೊಂದಿಗೆ ರೀಸೆಟ್ ಮಾಡಿ. ಬೇರೆ ಡಿಸ್ಕಾದರೆ ಕ್ವಿಕ್ ಚೌಕದ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ಗಂಟೆಗಟ್ಟಲೆ ಹಿಡಿಯುತ್ತೆ, ಹಿಡಿಯಲಿ, ಅದು ನಿಜವಾಗಿ ಒರೆಸುತ್ತಿದೆ ಅನ್ನೋದರ ಲಕ್ಷಣ. ಇಡೀ ಹಾರ್ಡ್‌ಡಿಸ್ಕಿಗೆ ಒಂದು ಸುತ್ತು ಸೊನ್ನೆ ಬರೆದರೆ ಸಾಮಾನ್ಯವಾಗಿ ಸಾಕು, ಏಳು ಸುತ್ತು ಬೇಕು ಅನ್ನೋದು ಹಳೇ ಕಾಲದ ಮಾತು.

ಎಸ್‌ಎಸ್‌ಡಿಯಾದರೆ, ತಯಾರಕರು ಕೊಡುವ ಸೆಕ್ಯೂರ್ ಎರೇಸ್ ಸಾಧನ ಬಳಸಿ. ಇನ್ನೂ ಒಳ್ಳೆಯದು ಅಂದ್ರೆ ಕೊಂಡ ದಿನವೇ ಎನ್‌ಕ್ರಿಪ್ಶನ್ ಆನ್ ಮಾಡಿಬಿಡೋದು, ಮಾರುವ ದಿನ ಕೀಲಿ ಅಳಿಸಿದರೆ ಆಯ್ತು. ಹೊಸ ಲ್ಯಾಪ್‌ಟಾಪ್ ಕೊಂಡಾಗ ಸಿನಿಮಾ, ಗೇಮ್ಸ್ ಹಾಕುವ ಮುಂಚೆ ಇದನ್ನು ಮಾಡಿ.

ಪೆನ್‌ಡ್ರೈವು, ಮೆಮೊರಿ ಕಾರ್ಡುಗಳನ್ನು ಮಾರಿದರೆ ಬರೋದು ಹತ್ತು ಇಪ್ಪತ್ತು ದಿರ್ಹಂ. ಮಾರಬೇಡಿ. ಕೆಟ್ಟುಹೋದ ಡಿಸ್ಕನ್ನು ಅಂಗಡಿಯವರಿಗೆ ಬಿಟ್ಟುಬರಬೇಡಿ. ಕೆಟ್ಟದ್ದು ಅಂದ್ರೆ ನಿಮಗೆ ಓದೋಕೆ ಆಗ್ತಿಲ್ಲ ಅಂತ ಮಾತ್ರ ಅರ್ಥ.

ಅಂಗಡಿ, ಕೆಫೆಟೇರಿಯಾ ನಡೆಸುವವರು ರೆಕಾರ್ಡರ್ ಮಾರುವಾಗ ಡಿಸ್ಕ್ ತೆಗೆದು ಮಾರಿ. ಅದರಲ್ಲಿರುವ ಮುಖಗಳನ್ನು ಮಾರೋಕೆ ನಮಗೆ ಹಕ್ಕಿಲ್ಲ.

ಒಂದು ಸೊನ್ನೆಯ ಬಗ್ಗೆ ಇಷ್ಟು ಹೊತ್ತು ಮಾತಾಡಿದೆ. ಸೊನ್ನೆ ನಮ್ಮ ನೆಲದ ಗಣಿತಕ್ಕೆ ಹಳೇ ಗೆಳೆಯ. ಏನೂ ಇಲ್ಲದ ಜಾಗಕ್ಕೂ ಒಂದು ಗುರುತು ಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತೆ ಅನ್ನೋದು ಈ ನೆಲದವರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಕಂಪ್ಯೂಟರಿನ ಸೊನ್ನೆಗೂ ಈಗ ಅಂಥದ್ದೇ ಗುರುತು ಬೇಕು. ಇದು ಒರೆಸಿದ ಸೊನ್ನೆಯೋ, ಬರೀ ಪರದೆಯ ಸೊನ್ನೆಯೋ ಅಂತ ಹೇಳುವ ಗುರುತು.

ನಿಮ್ಮ ಪರಿಚಯದವರು ಯಾರಾದರೂ ಈ ಬೇಸಿಗೆಯಲ್ಲಿ ಸಾಮಾನು ಮಾರಿ ಊರಿಗೆ ಹೊರಟಿದ್ದರೆ ಈ ಸಂಚಿಕೆ ಅವರಿಗೆ ಕಳಿಸಿ. ಪ್ರಶ್ನೆಗಳಿದ್ದರೆ, ಭಿನ್ನಾಭಿಪ್ರಾಯ ಇದ್ದರೆ ಅದನ್ನೂ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದೋಣ. ಅಲ್ಲಿಯವರೆಗೆ ನಮಸ್ಕಾರ.